ಕಾರ್ಡ್ ಹೋದದ್ದು ಸೂಪರ್ ಮಾರ್ಕೆಟ್‌ನಲ್ಲಿ, ದುಡ್ಡು ಹೋದದ್ದು ಮನೆ ಕಟ್ಟೆಯ ಮೇಲೆ

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳು ಅಂದರೆ ಸಂಜೆ ಆರರ ತನಕ ಮನೆಯಿಂದ ಯಾರೂ ಹೊರಗೆ ಬರುವುದಿಲ್ಲ. ಆರು ಹೊಡೆದ ಮೇಲೆ ಊರಿಗೆ ಊರೇ ಸೂಪರ್ ಮಾರ್ಕೆಟ್ ಅನ್ನುವ ಪೇಟೆಗೆ ಬಂದು ನಿಲ್ಲುತ್ತದೆ. ಅವತ್ತು ಭಾನುವಾರ ಬೇರೆ, ಮೇಲೆ ಮದುವೆ ಸೀಸನ್ನು. ತಂಗಿಯ ಮಗನ ಮದುವೆಗೆ ಆಹೇರಿ ಬಟ್ಟೆ ತರಲು ನಾನೊಬ್ಬನೇ ಹೋಗಿದ್ದೆ. ಬಟ್ಟೆ ತೆಗೆದುಕೊಂಡು, ಕಾರ್ಡ್ ತೀಡಿ ದುಡ್ಡು ಕೊಟ್ಟು, ಪರ್ಸ್ ಹಿಂದಿನ ಜೇಬಿಗೆ ಹಾಕಿ, ಗದ್ದಲದಲ್ಲಿ ನುಗ್ಗಿ ಹೊರಗೆ ಬಂದು ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದೆ. ಮೊಬೈಲ್ ಟಿಣ್ ಅಂತು. 1,860 ರೂಪಾಯಿ ಕಟ್ ಆಗಿದೆ ಅಂತ ಮೆಸೇಜ್. ಬಟ್ಟೆ ಅಂಗಡಿಯದ್ದು ಇರಬೇಕು, ತಡವಾಗಿ ಬಂದಿದೆ ಅಂದುಕೊಂಡೆ. ಆದರೆ ಬಟ್ಟೆ ಆಗಿದ್ದು 3,200. ಹಿಂದಿನ ಜೇಬು ಮುಟ್ಟಿ ನೋಡಿಕೊಂಡೆ. ಜೇಬು ಚಪ್ಪಟೆ.

ಕಬ್ಬಿನ ಹಾಲಿನವನಿಗೆ ಕೊಡಲೂ ದುಡ್ಡಿಲ್ಲ. ಅವನೇ "ಇರ್ಲಿ ಬಿಡ್ರಿ, ನಾಳೆ ಕೊಡ್ರಿ" ಅಂದ. ಅವನ ಮುಂದೆ ನಿಂತಿರುವಾಗಲೇ ಎರಡನೇ ಮೆಸೇಜ್ ಬಂತು, 2,400.

ಪಿನ್ ಇಲ್ಲದೆ ಹೇಗೆ ಹೋಯಿತು ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಕಾರ್ಡ್ ಮೇಲೆ ವೈಫೈ ತರ ಒಂದು ಗುರುತು ಇರುತ್ತದಲ್ಲ, ಅದು ಇದ್ದು, ಆ ಸೌಲಭ್ಯ ನೀವು ಆನ್ ಮಾಡಿಸಿದ್ದರೆ, ಮಷಿನ್ನಿಗೆ ತಾಗಿಸಿದರೆ ಸಾಕು, 5,000 ರೂಪಾಯಿ ತನಕ ಪಿನ್ ಕೇಳುವುದಿಲ್ಲ. ಮೊದಲು 2,000 ಇತ್ತು, 2021ರ ಜನವರಿಯಿಂದ ರಿಸರ್ವ್ ಬ್ಯಾಂಕ್ 5,000 ಮಾಡಿತು. ಹೊಸ ಕಾರ್ಡ್ ಬಂದಾಗ ಇದು ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ನಾನು ಮಾಡಿದ್ದೆ. ಪೆಟ್ರೋಲ್ ಬಂಕಿನಲ್ಲಿ ಟಕ್ ಅಂತ ತಾಗಿಸಿ ಹೋಗುವುದು ಒಂಥರಾ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ ಕಾರಣ. ರೈಲು ಟಿಕೆಟ್ ತೆಗೆಯಲು ಆನ್‌ಲೈನ್ ಬಳಕೆಯನ್ನೂ ಆನ್ ಮಾಡಿಟ್ಟಿದ್ದೆ.

ನಾನು ಗಂಜಿನಲ್ಲಿ, ಅಂದರೆ ನಮ್ಮೂರಿನ ಕಾಳುಕಡಿ ಮಾರುಕಟ್ಟೆಯಲ್ಲಿ, ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುವವನು. ತೊಗರಿ ಸೀಸನ್ನಿನಲ್ಲಿ ದಿನಕ್ಕೆ ಎಷ್ಟೋ ಲಕ್ಷದ ಹಿಸಾಬು ಕೈಮೇಲೆ ಹೋಗುತ್ತದೆ, ಒಂದು ರೂಪಾಯಿ ಹೆಚ್ಚುಕಮ್ಮಿ ಆದರೆ ರಾತ್ರಿ ಕೂತು ಹುಡುಕುತ್ತೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಕಥೆ ಕೇಳಿದಾಗೆಲ್ಲ "ಓಟಿಪಿ ಹೇಳೋ ಮಂದಿ ಇನ್ನೂ ಅದಾರಾ?" ಅಂತ ನಗುತ್ತಿದ್ದವರಲ್ಲಿ ನಾನೇ ಮೊದಲಿಗ.

ಮನೆಗೆ ಬರುವ ದಾರಿಯಲ್ಲೇ ಬ್ಯಾಂಕಿನ ನಂಬರಿಗೆ ಫೋನ್ ಹಚ್ಚಿದೆ. ಬ್ಯಾಂಕಿನ ಹೆಸರು ಬೇಡ, ಯಾವುದಾದರೂ ಒಂದು ಅಂದುಕೊಳ್ಳಿ. ಕನ್ನಡಕ್ಕೆ ಇಷ್ಟು ಒತ್ತಿ, ಹಿಂದಿಗೆ ಇಷ್ಟು ಒತ್ತಿ. ಒತ್ತಿದೆ. ಕಾರ್ಡ್ ಕಳೆದಿದ್ದರೆ ಇಷ್ಟು ಒತ್ತಿ. ಅದನ್ನೂ ಒತ್ತಿದೆ. ಆಮೇಲೆ ಆ ಹೆಣ್ಣುದನಿ ತಣ್ಣಗೆ ಹೇಳಿತು, ನಿಮ್ಮ ಕಾರ್ಡಿನ ಹದಿನಾರು ಅಂಕಿ ನಮೂದಿಸಿ. ಅಲ್ಲ ತಾಯಿ, ಕಾರ್ಡ್ ಇದ್ದಿದ್ದರೆ ನಿನಗ್ಯಾಕೆ ಫೋನ್ ಮಾಡುತ್ತಿದ್ದೆ? ಮನುಷ್ಯರ ಜೊತೆ ಮಾತಾಡುವ ಆಯ್ಕೆ ಒತ್ತಿದರೆ ಹಾಡು. ಹನ್ನೊಂದು ನಿಮಿಷ ಹಾಡು ಕೇಳಿದೆ, ಕಟ್ ಆಯಿತು. ಬ್ಯಾಂಕಿನ ಆ್ಯಪ್ ಮೊದಲು ಇತ್ತು, ಮೆಮೊರಿ ಫುಲ್ ಅಂತ ಹಬ್ಬದ ಮುಂಚೆ ತೆಗೆದು ಹಾಕಿದ್ದೆ. ಮಿಲ್ಲಿನ ಗ್ರೂಪಿನ ಶುಭೋದಯದ ಚಿತ್ರಗಳು ಮಾತ್ರ ಹಾಗೇ ಇದ್ದವು.

ಅಕೌಂಟಿನಲ್ಲಿ ಇದ್ದದ್ದು ಸುಮಾರು 46 ಸಾವಿರ. ಅದರಲ್ಲಿ ನಲವತ್ತು ಸಾವಿರ ಹಿಂದಿನ ಬುಧವಾರವಷ್ಟೇ ಕಟ್ಟಿದ್ದು, ಮಗಳ ಕಾಲೇಜ್ ಫೀಸಿಗೆ. ಮನೆ ಮುಂದಿನ ಕಟ್ಟೆಯ ಮೇಲೆ ಕೂತೆ. ಕರೆಂಟ್ ಹೋಗಿತ್ತು. ಹೆಂಡತಿಗೆ ಹೇಗೆ ಹೇಳುವುದು ಅಂತ ಯೋಚನೆ ಮಾಡುತ್ತಿದ್ದೆ. ಆಗ ಫೋನ್ ಬಂತು. ಎಂಟೂ ಇಪ್ಪತ್ತು ಆಗಿರಬೇಕು.

"ನಮಸ್ಕಾರ್ ಸರ್, ಮೈ ಬ್ಯಾಂಕ್ ಸೇ ಬೋಲ್ ರಹಾ ಹೂಂ" ಅಂತ ಶುರುವಾಯಿತು. ನಾನು "ಹಾಂ ಹೇಳ್ರಿ" ಅಂದಿದ್ದೇ ತಡ, ಕನ್ನಡಕ್ಕೆ ಬಂದ. ಬೆಂಗಳೂರಿನ ಕನ್ನಡ ಅಲ್ಲ, ನಮ್ಮ ಕಡೆಯದೇ. "ಸರ್, ನಿಮ್ಮ ಕಾರ್ಡಿನಾಗ ಎರಡು ಸಂಶಯದ ವ್ಯವಹಾರ ಕಾಣ್ಲಾಕತ್ತಾವ. 1,860 ಮತ್ತ 2,400. ಇವು ನೀವು ಮಾಡಿದ್ದೇನ್ರಿ?"

ಈ ಮಾತು ಕೇಳಿ ನನಗೆ ಹೇಗಾಯಿತು ಅಂತ ಹೇಳಲೇಬೇಕು. ಸಂಶಯ ಬರಲಿಲ್ಲ. ಸಮಾಧಾನ ಆಯಿತು. ಹಾಡು ಕೇಳಿ ಕೇಳಿ ಸೋತಿದ್ದೆ, ಕೊನೆಗೂ ಬ್ಯಾಂಕಿನವರೇ ಎಚ್ಚೆತ್ತು ಫೋನ್ ಮಾಡಿದರಲ್ಲ, ಪಾಪ ಭಾನುವಾರ ರಾತ್ರಿಯೂ ಕೆಲಸ ಮಾಡುತ್ತಾರೆ ಅನಿಸಿತು. ಉಳಿದ ದಿನ ಇದೇ ಫೋನ್ ಬಂದಿದ್ದರೆ ಎರಡು ಬೈದು ಇಟ್ಟುಬಿಡುತ್ತಿದ್ದೆ. ಅವತ್ತು ನಾನು ಆ ಫೋನಿಗೇ ಕಾದು ಕೂತಿದ್ದೆ.

ನನ್ನ ಹೆಸರು ಹೇಳಿದ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿದ. ಯಾವ ತಿಂಗಳಿಗೆ ಮುಗಿಯುತ್ತದೆ ಅಂತ ಹೇಳಿದ. ಆಮೇಲೆ ಅಕೌಂಟ್ ನಂಬರನ್ನೇ ಪೂರ್ತಿ ಓದಿದ. "ಹೋದ ಬುಧವಾರ ನೀವು ನಮ್ಮ ಗಂಜ್ ಬ್ರಾಂಚಿನಾಗ 42,000 ಕಟ್ಟೀರಿ, ಹೌದಲ್ರಿ?" ಅಂದ. ಹೌದ್ರಿ ಅಂದೆ. ಇದು ಬ್ಯಾಂಕಿನವರಿಗೆ ಬಿಟ್ಟು ಇನ್ಯಾರಿಗೆ ಗೊತ್ತಿರುತ್ತದೆ ಹೇಳಿ.

ಆಮೇಲಿನ ಹತ್ತು ನಿಮಿಷ ಬಹಳ ನಯವಾಗಿ ಹೋಯಿತು. ಕಳ್ಳ ಇನ್ನೂ ಕಾರ್ಡ್ ಬಳಸಲು ನೋಡುತ್ತಿದ್ದಾನೆ, ಈಗಲೇ ಬ್ಲಾಕ್ ಮಾಡಬೇಕು, ಎರಡು ಸಲ ಮಾಡಬೇಕು, ಒಂದು ಅಂಗಡಿಗೆ ಒಂದು ಆನ್‌ಲೈನಿಗೆ. ಎರಡಕ್ಕೂ ಒಂದೊಂದು ನಂಬರ್ ಬರುತ್ತದೆ, ಅದನ್ನು ಹೇಳಿ. "ಫೋನ್ ಕಟ್ ಮಾಡಬ್ಯಾಡ್ರಿ ಸರ್, ಕಟ್ ಆದ್ರ ಪ್ರೊಸೆಸ್ ಮತ್ತ ಮೊದಲಿಂದ ಆಗ್ತದ. ಮೆಸೇಜ್ ತೆಗಿಯೋದೂ ಬ್ಯಾಡ, ಮ್ಯಾಲ ಬಂದಾಗ ನಂಬರ್ ಅಷ್ಟೇ ನೋಡಿ ಹೇಳ್ರಿ." ಮಾತಾಡುವಾಗ ಪರದೆಯ ಮೇಲ್ಭಾಗದಲ್ಲಿ ಮೆಸೇಜ್ ಒಂದು ಕ್ಷಣ ಇಣುಕುತ್ತದಲ್ಲ, ಅದರಲ್ಲಿ ಮೊದಲ ಸಾಲು ಮಾತ್ರ ಕಾಣುತ್ತದೆ. ನನ್ನ ಬ್ಯಾಂಕಿನ ಮೆಸೇಜಿನಲ್ಲಿ ಮೊದಲ ಸಾಲಿಗೇ ಆರು ಅಂಕಿ. ಎಷ್ಟು ದುಡ್ಡು, ಯಾವ ಕಂಪನಿಗೆ, ಯಾರಿಗೂ ಹೇಳಬೇಡಿ, ಇದೆಲ್ಲ ಕೆಳಗೆ. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು.

ಒಂದು ಸಲ ಹೇಳಿದೆ. ಎರಡನೇ ಸಲವೂ ಹೇಳಿದೆ.

"ಈಗ ದುಡ್ಡು ಕಟ್ ಆದಂಗ ಮೆಸೇಜ್ ಬರ್ತಾವ, ಹೆದರಬ್ಯಾಡ್ರಿ. ಅದು ಕಳ್ಳ ಹಾಕಿದ್ದು, ನಾವು ತಡದೀವಿ. 24 ತಾಸಿನಾಗ ವಾಪಸ್ ಕಾಣ್ತದ" ಅಂದ. ಹೇಳಿದ ಹಾಗೇ ಬಂದವು. 19,990 ಒಂದು, 12,500 ಒಂದು. ಅವನು ಮೊದಲೇ ಹೇಳಿದ್ದರಿಂದ ನನಗೆ ಅವನ ಮೇಲೆ ನಂಬಿಕೆ ಇನ್ನೂ ಜಾಸ್ತಿ ಆಯಿತು ನೋಡಿ. ಕೊನೆಗೆ ಒಂದು ಮಾತು ಹೇಳಿದ. ಬೇರೆ ಎಲ್ಲೂ ಕಂಪ್ಲೇಂಟ್ ಕೊಡಬೇಡಿ, ಎರಡೆರಡು ಕಂಪ್ಲೇಂಟ್ ಆದರೆ ನಿಮ್ಮದು ಕ್ಯಾನ್ಸಲ್ ಆಗುತ್ತದೆ, ಹೊಸ ಕಾರ್ಡ್ ಏಳು ದಿನದಲ್ಲಿ ಮನೆಗೆ ಬರುತ್ತದೆ ಅಂತ. ಥ್ಯಾಂಕ್ಸ್ ಹೇಳಿ ಇಟ್ಟೆ. ನಿಜವಾಗಲೂ ಥ್ಯಾಂಕ್ಸ್ ಹೇಳಿದೆ.

ಕಾರ್ಡ್ ಬ್ಲಾಕ್ ಆಗಿಲ್ಲ, ಆಗಿದೆ ಅಂತ ನಾನು ನಂಬಿದ್ದೇನೆ. ಹೀಗಿರುವಾಗ ಕಳ್ಳನಿಗೆ ಇಡೀ ರಾತ್ರಿ ಸಿಕ್ಕ ಹಾಗಾಯಿತಲ್ಲ. ಓಟಿಪಿಗಿಂತ ದೊಡ್ಡ ಪೆಟ್ಟು ಅದು, ಇವತ್ತು ನೆನಪಾದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಊಟಕ್ಕೆ ಕೂತಾಗ ಒಂಬತ್ತೂವರೆ. ಈಗ ಎಲ್ಲ ಸರಿ ಆಗಿದೆ ಅಂತ ಧೈರ್ಯ ಬಂದಿತ್ತು, ಹಾಗಾಗಿ ರೊಟ್ಟಿ ಮುರಿಯುತ್ತಾ ಕಥೆ ಹೇಳಿದೆ. ಹೆಂಡತಿ "ಕಾರ್ಡ್ ಹೋದ್ರ ಹೋತು, ಬ್ಯಾಂಕಿನವರು ಛಲೋ ಮಂದಿ" ಅಂದಳು. ಮಗಳು ಮಾತ್ರ ಶೇಂಗಾ ಚಟ್ನಿ ಹಾಕಿಕೊಳ್ಳುತ್ತಾ ಕೇಳಿದಳು, "ಅಪ್ಪಾ, 'ನಮ್ಮ ಗಂಜ್ ಬ್ರಾಂಚ್' ಅಂದನಾ? ನಿಮ್ಮ ಅಕೌಂಟ್ ಶಹಾಬಾದಿಂದ ಅಲ್ವಾ?"

ಹೌದು. ನನ್ನ ಅಕೌಂಟ್ ಶಹಾಬಾದ್ ಬ್ರಾಂಚಿನದು. ಅಲ್ಲಿ ಒಂದು ಫರ್ಸಿ ಕಲ್ಲಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ತೆರೆದಿದ್ದು, ಕಲಬುರಗಿಗೆ ಬಂದ ಮೇಲೆ ಬದಲಿಸಬೇಕು ಬದಲಿಸಬೇಕು ಅನ್ನುತ್ತಾ ವರ್ಷಗಟ್ಟಲೆ ಹಾಗೇ ಬಿಟ್ಟಿದ್ದೆ. ಗಂಜಿನಲ್ಲಿ ದುಡ್ಡು ಕಟ್ಟುತ್ತೇನೆ ಅಷ್ಟೇ. ಬ್ಯಾಂಕಿನ ಕಂಪ್ಯೂಟರ್ ನೋಡಿ ಮಾತಾಡುವವನಿಗೆ ಶಹಾಬಾದ್ ಅಂತ ಕಾಣಬೇಕಿತ್ತು. ರೊಟ್ಟಿ ಗಂಟಲಲ್ಲೇ ನಿಂತಿತು.

ಮಗಳು ಊಟ ಬಿಟ್ಟು ಎದ್ದಳು. ಶುಭೋದಯದ ಚಿತ್ರ ಅಳಿಸಿ ಜಾಗ ಮಾಡಿ ಆ್ಯಪ್ ಹಾಕಲು ಹತ್ತು ಹದಿನೈದು ನಿಮಿಷ ಹಿಡಿಯಿತು. ಅದು ಇಳಿಯುತ್ತಿರುವಾಗಲೇ ಅವನದೇ ಫೋನ್ ಮತ್ತೆ. "ಸರ್, ಇನ್ನೊಂದು ವ್ಯವಹಾರ ಬಾಕಿ ಅದ, ಒಂದು ನಂಬರ್ ಬರ್ತದ..." ಮಗಳು ಫೋನ್ ಕಿತ್ತುಕೊಂಡು "ನಮ್ಮ ಅಕೌಂಟ್ ಯಾವ ಬ್ರಾಂಚಿಂದು ಹೇಳ್ರಿ" ಅಂದಳು. ಒಂದು ಕ್ಷಣ ಸುಮ್ಮನಾದ. ಆಮೇಲೆ ಬಾಯಿಗೆ ಬಂದ ಹಾಗೆ ಬೈದ. ಅದೇ ಕನ್ನಡದಲ್ಲಿ, ಅಷ್ಟೇ ಸರಾಗವಾಗಿ. ಆ್ಯಪ್ ತೆರೆದ ಮೇಲೆ ಕಾರ್ಡ್ ಬ್ಲಾಕ್ ಮಾಡಲು ಹತ್ತು ಸೆಕೆಂಡೂ ಬೇಕಾಗಲಿಲ್ಲ. ಹದಿನಾರು ಅಂಕಿ ಯಾರೂ ಕೇಳಲಿಲ್ಲ. ಆಗ 10 ಗಂಟೆ 5 ನಿಮಿಷ. ಈ ಸಮಯ ಆಮೇಲೆ ಎಷ್ಟು ಅರ್ಜಿಯಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ.

ಅಕೌಂಟಿನಲ್ಲಿ ಉಳಿದದ್ದು ಒಂಬತ್ತು ಸಾವಿರ ಚಿಲ್ಲರೆ. ಹೋದದ್ದು ಒಟ್ಟು 36,750.

1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ನಂಬರ್ ಇದು. ಮೂರನೇ ಸಲಕ್ಕೆ ಸಿಕ್ಕಿತು. ಕನ್ನಡದಲ್ಲೇ ಮಾತಾಡಿದರು, ಬೈಯಲಿಲ್ಲ, ಯಾಕೆ ಹೇಳಿದಿರಿ ಅಂತಲೂ ಕೇಳಲಿಲ್ಲ. ಬ್ಯಾಂಕ್ ಯಾವುದು, ಅಕೌಂಟ್ ನಂಬರ್, ಎಷ್ಟು ಹೋಯಿತು, ಎಷ್ಟು ಗಂಟೆಗೆ, ಮೆಸೇಜಿನಲ್ಲಿರುವ ವ್ಯವಹಾರದ ನಂಬರ್ ಏನು, ಯಾವ ನಂಬರಿನಿಂದ ಫೋನ್ ಬಂತು. ಇಷ್ಟನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಫೋನ್ ಮಾಡಿದರೆ ಬೇಗ ಮುಗಿಯುತ್ತದೆ, ನಾವು ಮೆಸೇಜ್ ಹುಡುಕಲು ತಡಬಡಿಸಿದೆವು. ಕೊನೆಗೆ ಒಂದು ನಂಬರ್ ಮೆಸೇಜ್ ಆಗಿ ಬಂತು. ಅದನ್ನು ಹಿಡಿದು ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ 24 ತಾಸಿನ ಒಳಗೆ ಪೂರ್ತಿ ದೂರು ತುಂಬಬೇಕು ಅಂದರು. ಮಗಳು ಅವತ್ತೇ ರಾತ್ರಿ ತುಂಬಿದಳು. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಅವಳ ಫೀಸಿನ ದುಡ್ಡು ಅದು.

ಸೋಮವಾರ ಮಿಲ್ಲಿಗೆ ರಜೆ ಹಾಕಿದೆ. ಪರ್ಸ್ ಕಳ್ಳತನಕ್ಕೆ ಒಂದು ಠಾಣೆ, ಫೋನ್ ಮೋಸಕ್ಕೆ ಸಿಇಎನ್ ಠಾಣೆ, ಎರಡೂ ಬೇರೆ ಬೇರೆ. ಸಿಇಎನ್ ಅಂದರೆ ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು, ಮೂರಕ್ಕೂ ಸೇರಿ ಇರುವ ಠಾಣೆ. ಬಿಸಿಲಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಎರಡು ಕಡೆ ಓಡಾಡಿದೆ. ಅಲ್ಲಿ ಬೆಂಚಿನ ಮೇಲೆ ನನ್ನ ಹಾಗೇ ಕೂತಿದ್ದವರನ್ನು ನೋಡಿ ಸ್ವಲ್ಪ ಧೈರ್ಯ ಬಂತು ಅಂದರೆ ತಪ್ಪು ತಿಳಿಯಬೇಡಿ. ಒಬ್ಬ ರಿಟೈರ್ಡ್ ಮಾಸ್ತರು, ಒಬ್ಬ ಮೆಡಿಕಲ್ ಓದುವ ಹುಡುಗ, ಆಳಂದ ಕಡೆಯ ಒಬ್ಬ ಹೆಣ್ಣುಮಗಳು. ಎಲ್ಲರೂ ಓದಿದವರೇ. ಮಾಸ್ತರು ಒಬ್ಬರೇ ಜೋರಾಗಿ ಮಾತಾಡುತ್ತಿದ್ದರು, ಉಳಿದವರೆಲ್ಲ ನೆಲ ನೋಡುತ್ತಿದ್ದೆವು.

ಠಾಣೆಯಲ್ಲಿ ಒಂದು ವಿಷಯ ಬಿಡಿಸಿ ಹೇಳಿದರು, ಆಗ ನನ್ನ ತಲೆಗೆ ಹತ್ತಿತು. ಆನ್‌ಲೈನಿನಲ್ಲಿ ಏನಾದರೂ ಕೊಳ್ಳಲು ಬೇಕಾದದ್ದು ನಾಲ್ಕೇ. ಕಾರ್ಡಿನ ಹದಿನಾರು ಅಂಕಿ, ಮುಗಿಯುವ ತಿಂಗಳು, ಹಿಂದೆ ಇರುವ ಮೂರು ಅಂಕಿ, ಮತ್ತೆ ಓಟಿಪಿ. ಮೊದಲ ಮೂರು ಕಾರ್ಡಿನ ಮೇಲೇ ಅಚ್ಚಾಗಿವೆ. ಅವನಿಗೆ ಇಲ್ಲದೆ ಇದ್ದದ್ದು ನಾಲ್ಕನೆಯದು ಮಾತ್ರ. ಆ 1,860 ಮತ್ತು 2,400 ಅವನಿಗೆ ಹೇಗೆ ಗೊತ್ತಾಯಿತು ಅಂತ ನಾನು ಬೆರಗಾಗಿದ್ದೆನಲ್ಲ, ಗೊತ್ತಾಗದೆ ಏನು, ಮಾಡಿದವರು ಅವರೇ. ಹೆಸರೂ ಕಾರ್ಡಿನ ಮೇಲಿತ್ತು. ಆದರೆ ಅಕೌಂಟ್ ನಂಬರ್? ಮೊಬೈಲ್ ನಂಬರ್? ಬುಧವಾರ ಗಂಜಿನಲ್ಲಿ ಕಟ್ಟಿದ ದುಡ್ಡಿನ ಸುದ್ದಿ? ಇವು ಕಾರ್ಡಿನ ಮೇಲೆ ಇರುವುದಿಲ್ಲ.

ಇದಕ್ಕೆ ನನಗೆ ಒಂದೇ ಉತ್ತರ ಹೊಳೆಯಿತು. ಗಂಜ್ ಬ್ರಾಂಚಿನ ಕೌಂಟರಿನಲ್ಲಿ ಒಬ್ಬ ಹುಡುಗ ಇದ್ದಾನೆ, ಬೀದರ್ ಕಡೆಯವನು, ವರ್ಷಗಳಿಂದ ಪರಿಚಯ, ನಾನು ಹೋದರೆ ಚಹಾ ತರಿಸುತ್ತಾನೆ. ಬುಧವಾರ ದುಡ್ಡು ಎಣಿಸಿ ತೆಗೆದುಕೊಂಡವನು ಅವನೇ. ಅವನ ಮೂಲಕವೇ ಹೊರಗೆ ಹೋಗಿದೆ ಅಂತ ನನ್ನ ಮನಸ್ಸು ತೀರ್ಮಾನ ಮಾಡಿತು. ಯಾರ ಮುಂದೆಯೂ ಹೆಸರು ಎತ್ತಲಿಲ್ಲ. ಅವನ ಕೌಂಟರಿಗೆ ಹೋಗುವುದನ್ನು ಮಾತ್ರ ಬಿಟ್ಟೆ.

ಬ್ಯಾಂಕಿನ ಪ್ರಕರಣ ಎರಡು ದಾರಿ ಹಿಡಿಯಿತು. ಪಿನ್ ಇಲ್ಲದೆ ತಾಗಿಸಿ ತೆಗೆದ ಎರಡು, ಒಟ್ಟು 4,260, ಅದು ಸುಲಭವಾಯಿತು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಒಂದು ಆಗ ಜಾರಿಯಲ್ಲಿತ್ತು, ಮಿಲ್ಲಿಗೆ ಬರುವ ವಕೀಲರೊಬ್ಬರು ಪ್ರಿಂಟ್ ತೆಗೆದು ಕೊಟ್ಟರು. ನಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಮೂರನೆಯವನು ದುಡ್ಡು ಹೊಡೆದಿದ್ದಾನೆ ಅಂದರೆ, ಮೆಸೇಜ್ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ನಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ತಡ ಮಾಡಿದರೆ ನನ್ನಂಥ ಸಾಮಾನ್ಯ ಉಳಿತಾಯ ಖಾತೆಯವನ ಮೇಲೆ 10,000ದ ತನಕ ಹೊರೆ ಬೀಳಬಹುದಿತ್ತು. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ದುಡ್ಡನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕಿತ್ತು, 90 ದಿನದಲ್ಲಿ ಪ್ರಕರಣ ಮುಗಿಸಬೇಕಿತ್ತು. ನನಗೆ ಒಂಬತ್ತನೇ ದಿನ 4,260 ಜಮಾ ಆಯಿತು. ಆ ಕಾಗದ ತೋರಿಸುವ ತನಕ ಮಾತ್ರ "ಹೆಡ್ ಆಫೀಸಿಗೆ ಕಳಿಸೀವಿ, ನೋಡೋಣ" ಅನ್ನುವುದೇ ಉತ್ತರವಾಗಿತ್ತು.

ಓಟಿಪಿ ಹೇಳಿದ 32,490ಕ್ಕೆ ಅದೇ ಸುತ್ತೋಲೆ ಉಲ್ಟಾ ಹೊಡೆಯಿತು. ಗ್ರಾಹಕ ತಾನೇ ಗುಟ್ಟು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಪೂರ್ತಿ ಅವನದೇ. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಅಂದರೆ 10:05ರ ನಂತರ ಒಂದು ರೂಪಾಯಿ ಹೋಗಿದ್ದರೂ ಬ್ಯಾಂಕ್ ಕೊಡಬೇಕಿತ್ತು. ಹೋದದ್ದೆಲ್ಲ ಅದಕ್ಕೆ ಮೊದಲೇ. ಮ್ಯಾನೇಜರು "ನೀವೇ ಹೇಳೀರಲ್ರಿ" ಅಂದಾಗ ನನ್ನ ಬಳಿ ಮಾತಿರಲಿಲ್ಲ. ಹನ್ನೊಂದು ನಿಮಿಷ ಹಾಡು ಕೇಳಿಸಿದ್ದನ್ನು ಬರೆದು ಕೊಟ್ಟೆ, ಕಾಲ್ ಲಿಸ್ಟಿನ ಚಿತ್ರವನ್ನೂ ಹಚ್ಚಿದೆ. ಅದಕ್ಕೆ ಇವತ್ತಿನ ತನಕ ಯಾರೂ ಉತ್ತರ ಕೊಟ್ಟಿಲ್ಲ.

1930ಕ್ಕೆ ಅವತ್ತೇ ರಾತ್ರಿ ಫೋನ್ ಮಾಡಿದ್ದು ಒಂದು ಕಡೆ ಕೈ ಹಿಡಿಯಿತು. 19,990 ಗಿಫ್ಟ್ ವೋಚರ್ ಆಗಿ ಬದಲಾಗಿ ಬಳಕೆಯೂ ಆಗಿಹೋಗಿತ್ತು. 12,500 ಮಾತ್ರ ಯಾವುದೋ ವಾಲೆಟ್ಟಿಗೆ ಹೋಗಿ, ಅಲ್ಲಿಂದ ಮುಂದೆ ಹೋಗುವ ಮೊದಲೇ ತಡೆ ಬಿದ್ದಿತ್ತು. ತಡೆ ಬಿತ್ತು ಅಂದರೆ ನಮ್ಮ ಕೈಗೆ ಬಂತು ಅಂತ ಅಲ್ಲ. ಕೋರ್ಟಿಗೆ ಅರ್ಜಿ ಹಾಕಿ, ಪೊಲೀಸರ ವರದಿ ಹೋಗಿ, ಆದೇಶ ಆಗಿ, ಆ ಆದೇಶ ವಾಲೆಟ್ಟಿನವರಿಗೆ ಮುಟ್ಟಿ, ದುಡ್ಡು ಬಂದದ್ದು ಸೆಪ್ಟೆಂಬರ್‌ನಲ್ಲಿ. ಮಗಳ ಫೀಸನ್ನು ಮಿಲ್ಲಿನ ಸಾವುಕಾರರ ಹತ್ತಿರ ಮುಂಗಡ ತೆಗೆದು ಕಟ್ಟಿದ್ದೆ.

ನಡುವೆ ಇನ್ನೂ ಎರಡು ಬಲೆ ಬಂದವು. ಮಗಳು ಸಿಟ್ಟಿನಲ್ಲಿ ಎಕ್ಸ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ ಬರೆದಿದ್ದಳು, ಹತ್ತು ನಿಮಿಷದಲ್ಲಿ ಅದೇ ಬ್ಯಾಂಕಿನ ಲೋಗೋ ಹಾಕಿಕೊಂಡ ಎರಡು ಖಾತೆಗಳು "ಕ್ಷಮಿಸಿ, ಈ ಲಿಂಕಿನಲ್ಲಿ ನಿಮ್ಮ ನಂಬರ್ ಕೊಡಿ" ಅಂತ ಕೇಳಿದವು. ಇನ್ನೊಂದು ಮೇ ಕೊನೆಯಲ್ಲಿ. ವಾಟ್ಸಾಪಿನಲ್ಲಿ ಪೊಲೀಸ್ ಟೋಪಿಯ ಫೋಟೋ, ಸೈಬರ್ ಇಲಾಖೆ ದಿಲ್ಲಿ ಅಂತೆ, ನಿಮ್ಮ 32 ಸಾವಿರ ಸಿಕ್ಕಿದೆ, ಬಿಡಿಸಲು 2,999 ಫೀಸ್ ಕಟ್ಟಿ ಅಂದ. ಒಮ್ಮೆ ಬಿದ್ದವನು ಮತ್ತೆ ಬೀಳುತ್ತಾನೆ ಅಂತ ಅವರಲ್ಲಿ ಲೆಕ್ಕ ಇರಬೇಕು. ಸುಳ್ಳು ಹೇಳುವುದಿಲ್ಲ, ಅರ್ಧ ನಿಮಿಷ ಆಸೆ ಆಯಿತು. ಆಮೇಲೆ ಮಗಳ ಪ್ರಶ್ನೆಯನ್ನೇ ಕೇಳಿದೆ, ನನ್ನ ಬ್ರಾಂಚ್ ಯಾವುದು? ಇಟ್ಟುಬಿಟ್ಟ.

ಬ್ಯಾಂಕುಗಳು ಈಗ ಇಂಥ ಫೋನಿಗೆ 1600ರಿಂದ ಶುರುವಾಗುವ ನಂಬರ್ ಬಳಸಬೇಕು ಅಂತ 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ನನಗೆ ಬಂದದ್ದು ಮಾಮೂಲಿ ಹತ್ತು ಅಂಕಿಯ ನಂಬರು. ಕತ್ತಲಲ್ಲಿ, ಕಟ್ಟೆಯ ಮೇಲೆ, ನಂಬರ್ ನೋಡುವ ಸ್ಥಿತಿಯಲ್ಲಿ ಯಾರಿದ್ದರು?

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಹೋಗಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ, ಆನ್‌ಲೈನಿನಲ್ಲೇ ತುಂಬಬಹುದು, ಬೇಡವೆಂದರೆ ಚಂಡೀಗಢದಲ್ಲಿರುವ ಅವರ ದೂರು ಕೇಂದ್ರಕ್ಕೆ ಪೋಸ್ಟ್ ಮಾಡಬಹುದು. ಜೂನ್‌ನಲ್ಲಿ ತುಂಬಿದೆ. ಅದರಲ್ಲಿ ಒಂದು ಸಾಲು ಬರೆದೆ. ನನ್ನ ಅಕೌಂಟ್ ನಂಬರ್ ಮತ್ತು ನಾನು ದುಡ್ಡು ಕಟ್ಟಿದ ವಿವರ ಬ್ಯಾಂಕಿನ ಒಳಗಿನಿಂದಲೇ ಹೊರಗೆ ಹೋಗಿದೆ, ಗಂಜ್ ಬ್ರಾಂಚಿನ ಸಿಬ್ಬಂದಿಯನ್ನು ವಿಚಾರಿಸಬೇಕು ಅಂತ. ಬರೆದು ಬಹಳ ಸಮಾಧಾನ ಆಯಿತು. ತಪ್ಪು ನನ್ನೊಬ್ಬನದೇ ಅಲ್ಲ ಅನ್ನುವ ಸಮಾಧಾನ.

ಜುಲೈನಲ್ಲಿ, ಮಳೆ ಹಿಡಿದ ಒಂದು ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಫೋನ್. "ಸರ, ನಿಮ್ಮ ಪಾಕೀಟ್ ಸಿಕ್ಕದ." ಅಷ್ಟು ಕೇಳಿದ್ದೇ ತಡ, ಮೂರು ತಿಂಗಳ ಸಿಟ್ಟು ಒಮ್ಮೆಲೇ ಹೊರಗೆ ಬಂತು. ಎಷ್ಟು ಫೀಸ್ ಕಟ್ಟಬೇಕಪ್ಪಾ, ಓಟಿಪಿ ಕಳಿಸಿದ್ದೀಯಾ, ನಿನ್ನ ಹೆಂಡತಿ ಮಕ್ಕಳು ಇದೇ ದುಡ್ಡಲ್ಲಿ ಉಣ್ಣುತ್ತಾರಾ ಅಂತೆಲ್ಲ ಬೈದು ಇಟ್ಟೆ. ಮಿಲ್ಲಿನ ಹಮಾಲರು ಚೀಲ ಇಳಿಸುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ವಾಟ್ಸಾಪಿಗೆ ಒಂದು ಫೋಟೋ ಬಂತು. ನನ್ನ ಡ್ರೈವಿಂಗ್ ಲೈಸೆನ್ಸು, ಅದರ ಕೆಳಗೆ ನನ್ನ ಕಂದು ಬಣ್ಣದ ಪರ್ಸು, ಹಿಂದೆ ಆಟೋದ ಹ್ಯಾಂಡಲ್ಲು.

ಜಗತ್ ಸರ್ಕಲ್ಲಿನಲ್ಲಿ ಸಿಕ್ಕ. ಐವತ್ತರ ಆಸುಪಾಸಿನ ಮನುಷ್ಯ, ಆಟೋ ಡ್ರೈವರ್. ಹಿಂದಿನ ಸೀಟಿನ ಕವರ್ ಹೊಸದು ಹಾಕಿಸಲು ಬಿಚ್ಚಿದಾಗ ಸಂದಿಯಲ್ಲಿ ಸಿಕ್ಕಿತಂತೆ. ಹೊಡೆದವನು ಆಟೋದಲ್ಲಿ ಹೋಗುವಾಗ ದುಡ್ಡು, ಕಾರ್ಡು ತೆಗೆದುಕೊಂಡು ಉಳಿದದ್ದನ್ನು ಅಲ್ಲಿ ತುರುಕಿರಬೇಕು. ನಾನು ಬೈದದ್ದಕ್ಕೆ ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ, ಈಗೆಲ್ಲರೂ ಹಂಗೇ ಬೈತಾರ" ಅಂದ.

ಪರ್ಸ್ ತೆರೆದೆ. ಲೈಸೆನ್ಸು, ಶರಣಬಸವೇಶ್ವರ ಗುಡಿಯ ಚಿಕ್ಕ ಫೋಟೋ, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ನನ್ನ ನಂಬರ್ ನಿಮಗೆ ಎಲ್ಲಿ ಸಿಕ್ಕಿತು ಅಂತ ಕೇಳಿದೆ. "ಆ ಚೀಟಿನಾಗೇ ಬರ್ದದಲ್ರಿ ಸರ, ಅದಕ್ಕೇ ಹಚ್ಚಿದೆ."

ಬಿಡಿಸಿದೆ. ಬ್ಯಾಂಕಿನ ದುಡ್ಡು ಕಟ್ಟುವ ಸ್ಲಿಪ್ಪು. ಬುಧವಾರದ ತಾರೀಖು, ಬ್ರಾಂಚ್ ಅನ್ನುವ ಕಡೆ ಗಂಜ್, ಹೆಸರು, ಅಕೌಂಟ್ ನಂಬರ್, ಮೊಬೈಲ್ ನಂಬರ್. ಎಲ್ಲ ನನ್ನದೇ ಅಕ್ಷರ, ಲೆಕ್ಕ ಬರೆಯುವವನ ದುಂಡು ಅಕ್ಷರ. ಮೊತ್ತ 42,000. ಆಗ ನೆನಪಾಯಿತು. ಮೊದಲು ನಲವತ್ತೆರಡು ಅಂತ ಬರೆದಿದ್ದೆ, ಆಮೇಲೆ ಮನೆ ಖರ್ಚಿಗೆ ಎರಡು ಸಾವಿರ ಇಟ್ಟುಕೊಳ್ಳೋಣ ಅನಿಸಿ ಬೇರೆ ಸ್ಲಿಪ್ ತುಂಬಿದ್ದೆ. ಈ ಮೊದಲನೆಯದನ್ನು ಹರಿದು ಹಾಕಲು ಹತ್ತಿರ ಬುಟ್ಟಿ ಕಾಣಲಿಲ್ಲ ಅಂತ ಮಡಚಿ ಪರ್ಸಿಗೆ ಹಾಕಿಕೊಂಡಿದ್ದೆ. ಕೌಂಟರಿನ ಹುಡುಗ ಈ ಚೀಟಿ ನೋಡಿಯೇ ಇರಲಿಲ್ಲ. ನಾನು ಕಟ್ಟಿದ್ದು ನಲವತ್ತು. ಅವತ್ತು ಫೋನಿನಲ್ಲಿ ನಲವತ್ತೆರಡು ಅಂದಾಗ ನಾನು ಹೌದ್ರಿ ಅಂದಿದ್ದೆ.

ಡ್ರೈವರಿಗೆ 500 ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಬಂದು ಹೋಗುವ ಬಾಡಿಗೆ ಅಂತ ಅರವತ್ತು ರೂಪಾಯಿ ಮಾತ್ರ ಇಸಿದುಕೊಂಡ.

ಅವತ್ತೇ ರಾತ್ರಿ ಓಂಬುಡ್ಸ್‌ಮನ್‌ಗೆ ಇನ್ನೊಂದು ಪತ್ರ ಬರೆದು, ಸಿಬ್ಬಂದಿಯ ಬಗ್ಗೆ ಬರೆದ ಸಾಲನ್ನು ಹಿಂದೆ ತೆಗೆದುಕೊಳ್ಳುತ್ತೇನೆ ಅಂತ ತಿಳಿಸಿದೆ. ಓಟಿಪಿ ನಾನೇ ಹೇಳಿದ್ದೇನೆ ಅನ್ನುವ ಕಾರಣಕ್ಕೆ ದೂರು ಆಮೇಲೆ ಮುಚ್ಚಿತು. ಮುಚ್ಚುತ್ತದೆ ಅಂತ ಗೊತ್ತೇ ಇತ್ತು.

ಮರುದಿನ ಮಿಲ್ಲಿನ ಚೆಕ್ ಹಾಕಲು ಗಂಜ್ ಬ್ರಾಂಚಿಗೆ ಹೋದೆ, ಅದೇ ಕೌಂಟರಿಗೆ. ಆ ಹುಡುಗ ನನ್ನನ್ನು ನೋಡಿ ನಕ್ಕ, ಒಳಗೆ ಚಹಾಕ್ಕೆ ಹೇಳಿದ. "ಏನ್ರಿ, ಮೂರು ತಿಂಗಳಾತು ಈ ಕಡಿ ಬರ್ಲೇ ಇಲ್ಲ?"

ಗಂಜಿನಲ್ಲಿ ಕೆಲಸ ಜಾಸ್ತಿ ಇತ್ತು ಅಂದೆ.